ಹನ್ನೆರಡನೆಯವನ ಪಾದ

"ಗುರುಗಳೇ, ನನಗೆ ಅನ್ಯಾಯ ಮಾಡಿದ ನನ್ನ ಅಣ್ಣನನ್ನು ನಾನು ಕ್ಷಮಿಸಿದ್ದೇನೆ. ಪ್ರತಿ ವರ್ಷ ತಪಸ್ಸುಕಾಲದಲ್ಲಿ ಅವನ ಮನೆಗೆ ಹೋಗಿ, ಕ್ಷಮಿಸಿದ್ದೇನೆ ಎಂದು ಹೇಳಿ ಬರುತ್ತೇನೆ. ಈ ವರ್ಷವೂ ಹೋದೆ. ಅವನು ಒಳಗೇ ಇದ್ದ, ಕೆಮ್ಮಿದ್ದು ಕೇಳಿಸಿತು. ಬಾಗಿಲು ಮಾತ್ರ ತೆಗೆಯಲಿಲ್ಲ. ಇನ್ನು ನಾನು ಮಾಡಬೇಕಾದದ್ದು ಏನಿದೆ?"

ಹೀಗೆ ಕೇಳಿದವನು ಇನ್ನಾಸಪ್ಪ. ಚರ್ಚಿನಲ್ಲಿ ಮಕ್ಕಳಿಗೆ ಜಪ ಕಲಿಸುವ ಉಪದೇಶಿ. ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡಾಗಿನಿಂದ ಅವನು ಮಾಂಸ ಮುಟ್ಟಿರಲಿಲ್ಲ. ಶುಕ್ರವಾರಗಳಲ್ಲಿ ಒಂದೇ ಹೊತ್ತು ಉಣ್ಣುತ್ತಿದ್ದ. ಶಿಲುಬೆಯ ಹಾದಿ ನಡೆಯುವಾಗ ಪ್ರತಿ ಸ್ಥಳದಲ್ಲೂ ಬರಿನೆಲದ ಮೇಲೆ ಮಂಡಿಯೂರುತ್ತಿದ್ದ. ಎಲ್ಲವನ್ನೂ ಸರಿಯಾಗಿ ಮಾಡಿಯೂ ಫಲ ಕಾಣದವನ ಅಸಮಾಧಾನ ಅವನ ದನಿಯಲ್ಲಿತ್ತು.

ಗುರುಗಳಿಗೆ ವಯಸ್ಸಾಗಿತ್ತು. ಸಿಟ್ಟು ಬಂದರೆ ಅವರು ಕತೆ ಹೇಳುತ್ತಿದ್ದರು, ದುಃಖವಾದರೂ ಕತೆಯನ್ನೇ ಹೇಳುತ್ತಿದ್ದರು. ಈಗ ಬಂದಿರುವುದು ಯಾವುದೆಂದು ಎದುರಿಗೆ ಕೂತವರಿಗೆ ತಿಳಿಯುತ್ತಿರಲಿಲ್ಲ. ಅಣ್ಣ ಕೆಮ್ಮಿದ್ದು ನಿಜವಾಗಿ ಕೇಳಿಸಿತೇ ಎಂದು ಅವರು ಇನ್ನೊಮ್ಮೆ ಕೇಳಿದರು. ಚೆನ್ನಾಗಿಯೇ ಕೇಳಿಸಿತು ಎಂದ ಇನ್ನಾಸಪ್ಪ. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಹುಟ್ಟಿದ ಗಂಡುಕೂಸಿಗೆ ಜೋಜಪ್ಪ ಎಂದು ಹೆಸರಿಟ್ಟು ರೈತನೇ ಸಾಕಿದ. ಎಣ್ಣೆ ಹಚ್ಚಿ ನೀರು ಹಾಕಿದವನು ಅವನೇ, ಜ್ವರ ಬಂದಾಗ ಎದೆಯ ಮೇಲೆ ಮಲಗಿಸಿಕೊಂಡವನೂ ಅವನೇ. ಇನ್ನೊಂದು ಮದುವೆ ಮಾಡಿಕೋ ಎಂದು ಊರಿನವರು ಹೇಳಿ ಹೇಳಿ ಸಾಕಾಗಿ ಸುಮ್ಮನಾದರು. ಮಗ ಬೆಳೆದು ಅಪ್ಪನಿಗಿಂತ ಗೇಣುದ್ದ ಎತ್ತರವಾದ. ರೈತನಿಗೆ ಲೋಕದಲ್ಲಿ ಬೇಕಾದದ್ದು ಅಷ್ಟೇ ಆಗಿತ್ತು.

ಮಗನ ಮದುವೆಗೆ ಮುಂಚೆ ಹೊಲದಲ್ಲೊಂದು ಬಾವಿ ಆಗಲಿ ಎಂದು ರೈತ ಬಾವಿ ತೋಡುವವನೊಬ್ಬನನ್ನು ಕರೆಸಿದ. ಅವನ ಹೆಸರು ಚೌರಪ್ಪ. ಅದೇ ಊರಿನವನು, ಅದೇ ಚರ್ಚಿನವನು. ಕೆಲಸದಲ್ಲಿ ಗಟ್ಟಿಗ. ಜೋಜಪ್ಪನೂ ಅವನ ಜೊತೆ ಕೆಲಸಕ್ಕೆ ನಿಂತ. ಒಬ್ಬ ಕೆಳಗಿಳಿದು ಅಗೆದರೆ ಇನ್ನೊಬ್ಬ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ.

ಬಾವಿ ತೋಡುವವರಲ್ಲಿ ಒಂದು ಕಟ್ಟುಪಾಡಿದೆ. ಒಳಗೆ ಆಳಿದ್ದಾಗ ಮೇಲಿನವನು ಹಗ್ಗದಿಂದ ಕೈ ತೆಗೆಯಬಾರದು. ಗೂಟಕ್ಕೆ ಸುತ್ತಿ ಕಟ್ಟಿದರೂ ಒಂದು ಕೈ ಹಗ್ಗದ ಮೇಲಿರಬೇಕು. ಒಂದು ದಿನ ಜೋಜಪ್ಪ ಹಗ್ಗ ಹಿಡಿದು ಮೇಲೆ ಬರುತ್ತಿದ್ದಾಗ ಚೌರಪ್ಪ ಹಗ್ಗವನ್ನು ಗೂಟಕ್ಕೆ ಸುತ್ತಿ ಬೀಡಿ ಹಚ್ಚಲು ಪಕ್ಕಕ್ಕೆ ತಿರುಗಿದ. ಕಡ್ಡಿ ಗೀರುವಷ್ಟು ಹೊತ್ತು. ಸುತ್ತು ಜಾರಿತು. ಕೆಳಗೆ ಬಂಡೆ ಇತ್ತು.

ಚೌರಪ್ಪ ಓಡಿ ಹೋಗಲಿಲ್ಲ. ತಾನೇ ಕೆಳಗಿಳಿದು ಜೋಜಪ್ಪನನ್ನು ಹೆಗಲ ಮೇಲೆ ಹೊತ್ತು ತಂದು ಅವನ ಅಪ್ಪನ ಮುಂದೆ ಮಲಗಿಸಿದ. ಹಗ್ಗ ಹರಿಯಿತು ಎಂದಿದ್ದರೆ ಊರು ನಂಬುತ್ತಿತ್ತು, ನೋಡಿದವರು ಯಾರೂ ಇರಲಿಲ್ಲ. ಅವನು ಹಾಗೆನ್ನಲಿಲ್ಲ. ಬೀಡಿ ಹಚ್ಚಲು ಕೈ ಬಿಟ್ಟೆ ಎಂದ. ಅಲ್ಲೇ ಮಣ್ಣಿನ ಮೇಲೆ ಕೂತ. ರೈತ ಕೊಲ್ಲುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ರೈತ ಅವನ ಕಡೆ ನೋಡಲೂ ಇಲ್ಲ. ಮಗನ ಕಾಲಿಗೆ ಮೆತ್ತಿದ್ದ ಕೆಸರನ್ನು ಪಂಚೆಯ ತುದಿಯಿಂದ ಒರೆಸುತ್ತಾ ಕೂತ.

ಆ ವರ್ಷ ರೈತ ಹೇಗೆ ಬದುಕಿದ ಎಂದು ಕೇಳಿದರೆ ಅವನಿಗೇ ಗೊತ್ತಿರಲಿಲ್ಲ. ಬೆಳಗಾದರೆ ಎದ್ದ, ಹಸಿವಾದರೆ ಉಂಡ. ಭಾನುವಾರ ಚರ್ಚಿನಲ್ಲಿ ಎಲ್ಲರ ಜೊತೆ ಜಪ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ಎಂಬ ಮಾತು ಬಂದಾಗ ಅವನ ನಾಲಿಗೆ ನಿಂತುಬಿಡುತ್ತಿತ್ತು. ಅದನ್ನು ಬಿಟ್ಟು ಮುಂದಿನದನ್ನು ಹೇಳುತ್ತಿದ್ದ. ಪಕ್ಕದಲ್ಲಿ ನಿಂತವರಿಗೆ ಅದು ಕೇಳಿಸುತ್ತಿತ್ತು. ಚೌರಪ್ಪ ಹಿಂದಿನ ಕಂಬಕ್ಕೆ ಆತು ನಿಲ್ಲುತ್ತಿದ್ದ. ಅವನಂತೂ ಜಪವನ್ನೇ ಹೇಳುತ್ತಿರಲಿಲ್ಲ.

ತಪಸ್ಸುಕಾಲ ಬಂತು. ಪವಿತ್ರ ಗುರುವಾರ ಬಂತು. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ದಿನ. ಅಂದು ಪಾದ್ರಿಗಳು ಊರಿನ ಹನ್ನೆರಡು ಮಂದಿಯನ್ನು ಬೆಂಚಿನ ಮೇಲೆ ಕೂರಿಸಿ ಅವರ ಪಾದ ತೊಳೆಯುತ್ತಾರೆ. ಆ ವರ್ಷ ಹನ್ನೆರಡನೆಯವನಿಗೆ ಜ್ವರ. ಬರಲಿಲ್ಲ. ಗಂಟೆ ಹೊಡೆಯುವವನು ಹಿಂದಕ್ಕೆ ಹೋಗಿ, ಕೈಗೆ ಸಿಕ್ಕವನನ್ನು ಎಳೆದು ತಂದು ಬೆಂಚಿನ ಕೊನೆಯಲ್ಲಿ ಕೂರಿಸಿದ. ಕೈಗೆ ಸಿಕ್ಕವನು ಚೌರಪ್ಪ. ಕೂತ ಮೇಲೆ ಎದ್ದು ಹೋಗುವುದಕ್ಕೂ ಅವನಿಗೆ ಧೈರ್ಯ ಬರಲಿಲ್ಲ.

ಪಾದ್ರಿಗಳು ಹನ್ನೊಂದು ಮಂದಿಯ ಪಾದ ತೊಳೆದು ಅವನ ಮುಂದೆ ಬಂದಾಗ ರೈತ ತನ್ನ ಜಾಗದಿಂದ ಎದ್ದ. ಅವನು ನೆಟ್ಟಗೆ ಮುಂದಕ್ಕೆ ಹೋಗಿ ಪಾದ್ರಿಗಳ ಕೈಯಿಂದ ತಂಬಿಗೆ ತೆಗೆದುಕೊಂಡ. ಚೌರಪ್ಪನ ಮುಂದೆ ಮಂಡಿಯೂರಿ, ಅವನ ಪಾದವನ್ನು ಬೋಗುಣಿಯಲ್ಲಿಟ್ಟು ನೀರು ಹಾಕಿದ. ಬೆರಳ ಸಂದಿಯಲ್ಲಿದ್ದ ಮಣ್ಣನ್ನೂ ಬಿಡದೆ ತೊಳೆದ. ಚೌರಪ್ಪ ಗೋಳೋ ಎಂದು ಅತ್ತ. ಊರೇ ಅತ್ತಿತು. ಅಂದು ರೈತ ಮನೆಗೆ ಹೋಗಿ ಜಪ ಹೇಳಿದಾಗ ನಾಲಿಗೆ ನಿಲ್ಲಲಿಲ್ಲ.

ಅದು ಅಪ್ಪಟ ಕ್ಷಮೆ. ಒಂದು ಚೂರೂ ಕಲಬೆರಕೆ ಇರಲಿಲ್ಲ. ಆ ಬೋಗುಣಿಯ ನೀರನ್ನು ಗಿಡಕ್ಕೆ ಚೆಲ್ಲಿ, ಬೋಗುಣಿ ಮಗುಚಿಟ್ಟು, ಎಲ್ಲರೂ ಅವರವರ ಪಾಡಿಗೆ ಹೋಗಿದ್ದರೆ ಈ ಕತೆಯನ್ನು ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ನಮ್ಮ ಜನರ ಗುಣವೇ ಅದು. ಒಳ್ಳೆಯದೊಂದು ಕಣ್ಣಿಗೆ ಬಿದ್ದರೆ ಅದನ್ನು ವರ್ಷಾವಧಿ ಹಬ್ಬ ಮಾಡಿಬಿಡಬೇಕು.

ಮಾರನೆಯ ವರ್ಷ ಊರಿನ ಹಿರಿಯರು ಚೌರಪ್ಪನ ಮನೆಗೆ ಹೋದರು. ಈ ಸಲವೂ ನೀನೇ ಹನ್ನೆರಡನೆಯವನು ಎಂದರು. ಆಮೇಲೆ ರೈತನ ಮನೆಗೆ ಬಂದರು. ರೈತ ಹಿಂದುಮುಂದು ನೋಡಿದ. ಆದದ್ದಾಯಿತಲ್ಲ ಎಂದ. ಆಗ ಹಿರಿಯರಲ್ಲೊಬ್ಬ, ಹೋದ ವರ್ಷ ನಿನ್ನ ಜೋಜಪ್ಪನನ್ನು ನೆನೆದು ಅಳದವರು ಊರಲ್ಲಿ ಒಬ್ಬರೂ ಇರಲಿಲ್ಲ ಎಂದ. ಆ ಮಾತು ರೈತನಿಗೆ ನಾಟಿತು. ಅವನು ಒಪ್ಪಿದ.

ಎರಡನೆಯ ವರ್ಷಕ್ಕೆ ಅದು ಪದ್ಧತಿಯಾಯಿತು. ಆಮೇಲಾಮೇಲೆ ಸುತ್ತಲ ಊರುಗಳಿಂದ ಜನ ಬರತೊಡಗಿದರು. ಮಗನನ್ನು ಕೊಂದವನ ಪಾದ ತೊಳೆಯುವ ಅಪ್ಪನನ್ನು ನೋಡಬೇಕೆಂದು ಗಾಡಿ ಕಟ್ಟಿಕೊಂಡು ಬಂದರು. ಹೊಸದಾಗಿ ಬಂದ ಪಾದ್ರಿಗಳು ಆ ವಿಷಯವಾಗಿಯೇ ಪ್ರಸಂಗ ಮಾಡಿದರು. ತಾಯಂದಿರು ಮಕ್ಕಳನ್ನು ಎತ್ತಿ ಹಿಡಿದು ತೋರಿಸಿದರು. ಯಾರಮ್ಮ ಕೊಂದವನು ಎಂದು ಮಕ್ಕಳು ಕೇಳಿದರೆ, ಅಗೋ ಆ ಕೊನೆಯವನು ಎಂದು ಬೆರಳು ಮಾಡಿದರು.

ರೈತನಿಗೆ ಆ ಬೆರಳುಗಳು ಕಾಣುತ್ತಿರಲಿಲ್ಲ. ಅವನ ತಲೆ ಬೋಗುಣಿಯ ಮೇಲೆ ಬಾಗಿರುತ್ತಿತ್ತು. ಅವನಿಗೆ ಕೇಳುತ್ತಿದ್ದುದು ಒಂದೇ, ಜೋಜಪ್ಪ ಎಂಬ ಹೆಸರು. ವರ್ಷವಿಡೀ ಯಾರ ಬಾಯಲ್ಲೂ ಬಾರದ ಹೆಸರು ಅಂದು ಬೆಂಚಿನಿಂದ ಬೆಂಚಿಗೆ ಹೋಗುತ್ತಿತ್ತು. ಅದನ್ನು ಕೇಳುವುದಕ್ಕಾಗಿಯೇ ಅವನು ಮಿಕ್ಕ ದಿನಗಳನ್ನು ತಳ್ಳುತ್ತಿದ್ದ. ವಿಭೂತಿ ಬುಧವಾರ ಬಂತೆಂದರೆ ಅವನ ಮೈಗೆ ಜೀವ ಬರುತ್ತಿತ್ತು. ಹಿತ್ತಾಳೆಯ ಬೋಗುಣಿಯೊಂದನ್ನು ತಾನೇ ಕೊಂಡು ತಂದಿದ್ದ. ಹುಣಸೆಹಣ್ಣು ಹಾಕಿ ಅದನ್ನು ತಿಕ್ಕುತ್ತಾ ಕೂರುತ್ತಿದ್ದ. ಇದನ್ನು ಹೇಳುವಾಗ ನನಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ ಎಂದರು ಗುರುಗಳು.

ಮಿಕ್ಕ ದಿನಗಳಲ್ಲಿ ದಾರಿಯಲ್ಲಿ ಚೌರಪ್ಪ ಎದುರಾದರೆ ರೈತ ಮಾತಾಡಿಸುತ್ತಿರಲಿಲ್ಲ. ಸಿಟ್ಟಿನಿಂದಲ್ಲ. ಆಡುವುದಕ್ಕೆ ಮಾತೇ ಇರಲಿಲ್ಲ. ಗುರುವಾರದ ಆ ಪಾದಗಳ ಪರಿಚಯ ಅವನಿಗೆ ಚೆನ್ನಾಗಿತ್ತು. ಎಡಗಾಲಿನ ಹೆಬ್ಬೆರಳಿನ ಉಗುರು ಒಡೆದಿದೆ ಎಂಬುದೂ ಗೊತ್ತಿತ್ತು. ಆ ಪಾದಗಳ ಮೇಲಿದ್ದ ಮನುಷ್ಯ ಏನಾದ ಎಂಬುದು ಗೊತ್ತಿರಲಿಲ್ಲ.

ಚೌರಪ್ಪ ಏನಾಗಿದ್ದನೆಂದರೆ, ಅವನ ಕೈಗೆ ಯಾರೂ ಹಗ್ಗ ಕೊಡುತ್ತಿರಲಿಲ್ಲ. ಅದು ಹೋಗಲಿ, ಕೆಲಸ ಹೋದವರು ಬೇಕಾದಷ್ಟು ಜನ ಇದ್ದಾರೆ, ಬೇರೆ ಕೂಲಿ ಮಾಡಿ ಬದುಕುತ್ತಾರೆ. ಅವನಿಗೆ ನಗುವ ಹಕ್ಕು ಹೋಗಿತ್ತು. ಮದುವೆ ಮನೆಯಲ್ಲಿ ಯಾರೋ ಆಡಿದ ತಮಾಷೆಗೆ ನಕ್ಕರೆ ಪಂಕ್ತಿಯಲ್ಲಿ ಕೂತವರೆಲ್ಲ ತಿರುಗಿ ನೋಡುತ್ತಿದ್ದರು. ಸಂತೆಯಲ್ಲಿ ಚೌಕಾಸಿ ಮಾಡಿದರೆ, ಅಷ್ಟು ದೊಡ್ಡ ಕ್ಷಮೆ ಪಡೆದವನಿಗೆ ಇಷ್ಟು ಜೋರು ಬಾಯೇ ಎನ್ನುತ್ತಿದ್ದರು. ಅವನ ಹೆಸರೂ ಹೋಗಿತ್ತು. ಊರ ಬಾಯಲ್ಲಿ ಅವನು ಹನ್ನೆರಡನೆಯವನು. ಅವನ ಹೆಂಡತಿ ಹನ್ನೆರಡನೆಯವನ ಹೆಂಡತಿ, ಮಗಳು ಹನ್ನೆರಡನೆಯವನ ಮಗಳು. ಯಾರೋ ಕೊಟ್ಟ ಅಂಗಿಯನ್ನು ತೊಟ್ಟು, ಕೊಟ್ಟವರ ಬೀದಿಯಲ್ಲೇ ದಿನವೂ ಓಡಾಡುವವನ ಹಾಗೆ ಅವನು ಬದುಕುತ್ತಿದ್ದ.

ಅವನು ಬರುವುದಿಲ್ಲ ಎನ್ನಬಹುದಿತ್ತಲ್ಲ ಎಂದು ನೀನು ಕೇಳಬಹುದು. ಹೇಗೆ ಎನ್ನುತ್ತಾನೆ? ಪಶ್ಚಾತ್ತಾಪವೇ ಇಲ್ಲದ ಕಲ್ಲುಹೃದಯ ಎನ್ನುತ್ತಿರಲಿಲ್ಲವೇ ಊರು? ಕ್ಷಮಿಸುವವನಿಗೆ ಮನಸ್ಸು ಬದಲಿಸುವ ಸ್ವಾತಂತ್ರ್ಯವಿದೆ, ಕ್ಷಮೆ ಪಡೆದವನಿಗೆ ಅದೂ ಇಲ್ಲ.

ಮಗಳನ್ನು ಚೌರಪ್ಪ ದೂರದ ಊರಿಗೆ ಕೊಟ್ಟ. ಬಾವಿಯ ಸುದ್ದಿ, ಬೆಂಚಿನ ಸುದ್ದಿ ತಲುಪದಷ್ಟು ದೂರ. ಮಗಳು ಗಂಡುಮಗು ಹೆತ್ತಳು. ಯೇಸುಸ್ವಾಮಿ ಸತ್ತು ಮತ್ತೆ ಎದ್ದ ಪಾಸ್ಖ ಹಬ್ಬದ ದಿನ ತಾಯಿಮನೆಯ ಚರ್ಚಿನಲ್ಲೇ ಕೂಸಿಗೆ ದೀಕ್ಷಾಸ್ನಾನ ಮಾಡಿಸಬೇಕೆಂದು ಬೀಗರು ಆಸೆಪಟ್ಟರು. ಅದಕ್ಕೆ ಮುಂಚಿನ ಪವಿತ್ರ ವಾರಕ್ಕೇ ಬಂದು, ಗುರುವಾರದ ಪೂಜೆಗೂ ನಿಲ್ಲುತ್ತೇವೆ ಎಂದು ಹೇಳಿ ಕಳುಹಿಸಿದರು.

ಆ ವಾರದ ಮೊದಲ ದಿನವಾದ ಗರಿಗಳ ಭಾನುವಾರ ಪೂಜೆ ಮುಗಿಸಿ ರೈತ ಮನೆಗೆ ಬಂದ. ಪಾದ್ರಿಗಳು ಮಂತ್ರಿಸಿ ಕೊಟ್ಟ ತೆಂಗಿನ ಗರಿಯನ್ನು ಬಾಗಿಲಿಗೆ ಸಿಕ್ಕಿಸುತ್ತಿದ್ದಾಗ ಹಿಂದಿನಿಂದ ಯಾರೋ ಬಂದು ನಿಂತ ಹಾಗಾಯಿತು. ಚೌರಪ್ಪ. ಅವನ ಕೈಯಲ್ಲೂ ಗರಿ ಇತ್ತು. ಬಾವಿಯ ದಿನದಿಂದೀಚೆಗೆ ಅವನು ಆ ಅಂಗಳಕ್ಕೆ ಕಾಲಿಟ್ಟಿದ್ದು ಅದೇ ಮೊದಲು.

"ಯಜಮಾನ್ರೆ, ಈ ಒಂದ್ ವರ್ಸ ನನ್ನ ಬುಟ್ಬುಡಿ," ಎಂದ ಚೌರಪ್ಪ. "ನಾನ್ ಮಾಡಿದ್ ತಪ್ಪು ಇಲ್ಲ ಅನ್ನಕಿಲ್ಲ. ಸಾಯೋಗಂಟ ಅದು ನನ್ನ ಎದೇಲೈತೆ. ಆದ್ರೆ ಬೀಗ್ರು ಬತ್ತಾವ್ರೆ. ಅವರ ಮುಂದೆ ನಾನು ಬರೀ ಒಂದ್ ಕೂಸಿನ ತಾತ ಆಗಿರ್ಬೇಕು. ಬೇಕಾದ್ರೆ ಮನೇಲಿ ಕರೆದು ಹೊಡೀರಿ, ಉಗೀರಿ. ಅಲ್ಲಿ ಮಾತ್ರ ತೊಳೀಬೇಡಿ."

ರೈತನಿಗೆ ಆ ಮಾತು ಅರ್ಥವೇ ಆಗಲಿಲ್ಲ. ಪಾದ ತೊಳೆಯಬೇಡ ಎಂದು ಕೇಳುವವನೂ ಇರುತ್ತಾನೆಯೇ? ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು, ಸಿಟ್ಟು ಇಳಿಯುತ್ತದೆ. ಅವನಿಗೆ ಬಂದದ್ದು ಭಯ.

"ನೀನ್ ಕೂತ್ಕೊಳ್ದಿದ್ರೆ ಜೋಜಪ್ಪನ್ನ ಯಾರ್ಲಾ ನೆನೀತಾರೆ?" ಎಂದ. "ನಂಗಿರೋದು ಅದೊಂದ್ ದಿನ. ಅದ್ನೂ ಕಿತ್ಕಬೇಡ ಚೌರಪ್ಪ."

ಒಮ್ಮೆ ಮಗನನ್ನು ಕಿತ್ತುಕೊಂಡವನು ಮತ್ತೊಮ್ಮೆ ಏನನ್ನಾದರೂ ಹೇಗೆ ಕಿತ್ತುಕೊಂಡಾನು? ಚೌರಪ್ಪ ಗರಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಹೋದ. ಅವನು ಅತ್ತ ಹೋದ ಮೇಲೆ, ತನ್ನದೇನೂ ತಪ್ಪಿಲ್ಲ ಎಂದು ರೈತ ತನಗೆ ತಾನೇ ಹೇಳಿಕೊಂಡ. ಯಾರಾದರೂ ಹಾಗೆ ಹೇಳಿಕೊಳ್ಳುತ್ತಿದ್ದರೆ ತಪ್ಪು ಅಲ್ಲೇ ಎಲ್ಲೋ ಇದೆ ಎಂದು ತಿಳಿ.

ಗುರುವಾರ ಚೌರಪ್ಪ ಬಂದು ಕೂತ. ರೈತ ಪಾದ ತೊಳೆದ. ಪೂಜೆ ಮುಗಿದು ಹೊರಗೆ ಬಂದಾಗ ರೈತ ಕಂಡದ್ದು ಇಷ್ಟು. ಚರ್ಚಿನ ಅಂಗಳದಲ್ಲಿ ಬೀಗ ನಿಂತಿದ್ದ. ಊರಿನವನೊಬ್ಬ ಅವನಿಗೆ ಬಾವಿಯ ಕತೆಯನ್ನು, ಕ್ಷಮೆಯ ಕತೆಯನ್ನು ಬಹಳ ಹೆಮ್ಮೆಯಿಂದ ಹೇಳುತ್ತಿದ್ದ. ಹೇಳಿ ಮುಗಿಸಿ ಚೌರಪ್ಪನ ಕಡೆ ಬೆರಳು ಮಾಡಿದ. ಬೀಗಿತಿ ಕೂಸನ್ನು ಚೌರಪ್ಪನ ಹೆಂಡತಿಯ ಕೈಯಿಂದ ತೆಗೆದುಕೊಂಡಳು. ಮಗಳು ತಲೆ ತಗ್ಗಿಸಿ ನಿಂತಿದ್ದಳು. ಮಾರನೆಯ ದಿನ ಶುಭ ಶುಕ್ರವಾರ, ಅದಕ್ಕೂ ನಿಲ್ಲದೆ ಅವರು ಹೊರಟುಹೋದರು. ಕೂಸಿಗೆ ದೀಕ್ಷಾಸ್ನಾನ ಬೇರೆಲ್ಲೋ ಆಯಿತು. ಚೌರಪ್ಪ ಆ ಕೂಸನ್ನು ಮತ್ತೆ ನೋಡಲಿಲ್ಲ.

ಅಂದು ರೈತನ ಎದೆಯಲ್ಲಿ ಏನೋ ಚುಚ್ಚಿತು. ಚುಚ್ಚಿದ್ದು ನಿಜ. ಹೋಗಿ ಚೌರಪ್ಪನನ್ನು ಮಾತಾಡಿಸಿ ಬರಬೇಕೆಂದು ಅವನು ಒಂದೆರಡು ಸಲ ಆ ಬೀದಿಯ ತನಕ ಹೋದ. ಹೋಗಿ ಏನೆನ್ನುವುದು? ಕ್ಷಮಿಸಿದ್ದೇನೆ ಎನ್ನುವುದು ಅವನಿಗೆ ಅಭ್ಯಾಸವಾಗಿತ್ತು. ಬೇರೆ ಮಾತು ಬರುತ್ತಿರಲಿಲ್ಲ. ತಿರುಗಿ ಬಂದ. ಮುಂದಿನ ತಪಸ್ಸುಕಾಲದಲ್ಲಿ ನೋಡಿದರಾಯಿತು ಎಂದುಕೊಂಡ.

ಮುಂದಿನ ವರ್ಷದ ಪವಿತ್ರ ಗುರುವಾರ ಬೆಂಚಿನ ಮೇಲೆ ಹನ್ನೊಂದೇ ಮಂದಿ ಕೂತಿದ್ದರು. ಪಾದ್ರಿಗಳು ಕಾದರು. ಜನ ಬಾಗಿಲ ಕಡೆ ನೋಡಿದರು. ಕೊನೆಗೆ ರೈತ ಬೋಗುಣಿ, ತಂಬಿಗೆ ಎತ್ತಿಕೊಂಡು ಚೌರಪ್ಪನ ಮನೆಗೇ ಹೊರಟ. ಅವನು ಬರದಿದ್ದರೆ ನಾವೇ ಹೋಗೋಣ ಎಂದು ಊರೂ ಹಿಂದೆ ಬಂತು. ಯಾರೋ ಕೀರ್ತನೆ ಎತ್ತಿಕೊಂಡರು. ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇರಲಿಲ್ಲ. ನೆಲ ಸಾರಿಸಿತ್ತು. ಒಲೆಯ ಬೂದಿಯನ್ನೂ ತೆಗೆದು ಹಾಕಿತ್ತು. ಗಂಡ ಹೆಂಡತಿ ಇಬ್ಬರೂ ಯಾವಾಗ ಹೋದರೆಂದು ಪಕ್ಕದ ಮನೆಯವರಿಗೂ ತಿಳಿದಿರಲಿಲ್ಲ. ಅಷ್ಟು ವರ್ಷ ಊರೆಲ್ಲ ಕಣ್ಣಿಟ್ಟು ನೋಡಿದ ಮನುಷ್ಯ ಹೋದದ್ದನ್ನು ಒಬ್ಬರೂ ನೋಡಿರಲಿಲ್ಲ.

ಆಗಲಾದರೂ ರೈತ ಬೋಗುಣಿಯನ್ನು ಅಲ್ಲೇ ಬಿಟ್ಟು ಹುಡುಕಿಕೊಂಡು ಹೋಗಬೇಕಿತ್ತು. ಅವನು ಮಾಡಿದ್ದೇನು ಗೊತ್ತೇ? ಹೊಸ್ತಿಲ ಮುಂದೆ ಮಂಡಿಯೂರಿದ. ತಂಬಿಗೆಯ ನೀರನ್ನು ಹೊಸ್ತಿಲ ಮೇಲೆ ಹಾಕಿದ. ಇದನ್ನೂ ಕ್ಷಮಿಸಿದ್ದೇನೆ ಎಂದ. ಜನ ಹಿಂದೆಂದೂ ಅಳದಷ್ಟು ಅತ್ತರು. ಮುಂದಿನ ವರ್ಷದಿಂದ ಅದೂ ಪದ್ಧತಿಯಾಯಿತು.

ವರ್ಷಗಳು ಹೋದವು. ಖಾಲಿ ಮನೆಗೆ ಬೋಗುಣಿ ಹೊತ್ತು ಹೋಗಿ ಬರುವುದು ನಡೆಯಿತು. ಮಳೆಗೆ ಆ ಮನೆಯ ಸೂರು ಕುಸಿಯಿತು, ಗೋಡೆ ಕರಗಿತು, ಹೊಸ್ತಿಲು ಮಾತ್ರ ಉಳಿಯಿತು. ನೋಡಲು ಬರುವವರು ಕಡಿಮೆಯಾದರು. ಹೊಸ ಮಕ್ಕಳಿಗೆ ಜೋಜಪ್ಪ ಯಾರೆಂದು ಗೊತ್ತಿರಲಿಲ್ಲ, ಚೌರಪ್ಪ ಯಾರೆಂದೂ ಗೊತ್ತಿರಲಿಲ್ಲ. ಆ ಅಜ್ಜ ನೀರು ಹಾಕುತ್ತಾರೆ ಎಂದಷ್ಟೇ ಗೊತ್ತಿತ್ತು. ಯಾವ ಹೆಸರನ್ನು ಉಳಿಸಿಕೊಳ್ಳಲು ರೈತ ಇಷ್ಟೆಲ್ಲ ಮಾಡಿದನೋ ಆ ಹೆಸರೂ ಹಾಗೆ ಕೈಬಿಟ್ಟಿತು.

ಕೊನೆಗೆ ರೈತನ ಸೊಂಟ ಬಾಗದಾಯಿತು. ಮಂಡಿಯೂರಿದರೆ ಏಳುವುದಕ್ಕಾಗದು. ಆಗ ಊರಿನ ಹಿರಿಯರಿಗೆ ಒಂದು ಯೋಚನೆ ಬಂತು. ಇಷ್ಟು ವರ್ಷ ಪಾದ ತೊಳೆದವರ ಪಾದವನ್ನು ಈ ಸಲ ಪಾದ್ರಿಗಳು ತೊಳೆಯಲಿ, ಅವರಿಗೊಂದು ಗೌರವ ಸಲ್ಲಲಿ ಎಂದರು. ಗುರುವಾರ ಇಬ್ಬರು ರೈತನ ರಟ್ಟೆ ಹಿಡಿದು ತಂದು ಬೆಂಚಿನ ಕೊನೆಯಲ್ಲಿ, ಹನ್ನೆರಡನೆಯವನ ಜಾಗದಲ್ಲಿ ಕೂರಿಸಿದರು.

ಕೂತ ಮೇಲೆ ರೈತ ತಲೆ ಎತ್ತಿದ. ಅಲ್ಲಿಂದ ಚರ್ಚು ಹೇಗೆ ಕಾಣುತ್ತದೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. ಎಲ್ಲರ ಮುಖವೂ ಅವನ ಕಡೆಗೇ ಇತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ. ಮುಂದಿನ ಸಾಲಿನಲ್ಲಿ ಒಬ್ಬಳು ತಾಯಿ ಮಗುವಿನ ಕಿವಿಯಲ್ಲಿ ಏನೋ ಹೇಳಿ ಅವನ ಕಡೆ ಬೆರಳು ಮಾಡಿದಳು. ಅವಳು ಒಳ್ಳೆಯದನ್ನೇ ಹೇಳಿರಬಹುದು. ಒಳ್ಳೆಯದನ್ನೇ ಹೇಳಿದ್ದಳು. ಆದರೂ ರೈತನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪಾದ್ರಿಗಳು ನೀರು ಹಾಕಿದರು. ನೀರು ತಣ್ಣಗಿತ್ತು. ಚೌರಪ್ಪನ ಪಾದಕ್ಕೆ ತಾನು ಹಾಕುತ್ತಿದ್ದ ನೀರು ಬೆಚ್ಚಗಿತ್ತೋ ತಣ್ಣಗಿತ್ತೋ ಎಂದು ಅವನು ನೆನೆಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಅದನ್ನು ಅವನು ಒಂದು ವರ್ಷವೂ ಯೋಚಿಸಿರಲಿಲ್ಲ.

ಪಾದ್ರಿಗಳು ಒರೆಸುವ ಮುಂಚೆಯೇ ಅವನು ಎದ್ದ. ಅವನನ್ನು ಹಿಡಿದುಕೊಳ್ಳಲು ಬಂದವರ ಕೈ ಕೊಡವಿದ. ಹಸಿ ಕಾಲಿನಲ್ಲೇ ಹೊರಗೆ ಬಂದು, ಗೋಡೆ ಹಿಡಿದುಕೊಂಡು, ಬೇಲಿ ಹಿಡಿದುಕೊಂಡು, ಚೌರಪ್ಪನ ಮನೆ ಇದ್ದ ಜಾಗದ ತನಕ ನಡೆದ. ಅಲ್ಲಿ ಗೋಡೆಯ ಮಣ್ಣು ಗುಡ್ಡೆಯಾಗಿ ಬಿದ್ದಿತ್ತು. ಮಧ್ಯದಲ್ಲಿ ಹೊಸ್ತಿಲು. ಅವನು ಅದನ್ನು ದಾಟಲಿಲ್ಲ. ಹೊರಗೇ ನಿಂತು, ಬಾಗಿಲಿದ್ದ ಕಡೆ ಮುಖ ಮಾಡಿ ಕರೆದ.

"ಚೌರಪ್ಪ, ನಾನು ಬಂದಿವ್ನಿ ಕಣಪ್ಪ. ಬೋಗುಣಿ ತಂದಿಲ್ಲ. ನೀನು ನನ್ನ ಕ್ಷಮಿಸ್ಬೇಕು ಅಂತ ಕೇಳಕ್ ಬಂದಿವ್ನಿ."

ಯಾರು ಮಾತಾಡಬೇಕು? ಅವನು ಕಿವಿಗೊಟ್ಟು ನಿಂತ. ಮತ್ತೆ ಕರೆದ. ಬರುವುದಿಲ್ಲ ಹೋಗು ಎಂದು ಬೈದಿದ್ದರೂ ಅವನಿಗೆ ಸಾಕಾಗಿತ್ತು. ಚರ್ಚಿನ ಕಡೆಯಿಂದ ಮರದ ಹಲಗೆ ಬಡಿಯುವ ಸದ್ದು ಬಂತು. ಆ ಗುರುವಾರದ ಪೂಜೆಯಲ್ಲಿ ಒಮ್ಮೆ ಬಾರಿಸಿದ ಗಂಟೆಯನ್ನು ಮತ್ತೆ ಪಾಸ್ಖದ ತನಕ ಬಾರಿಸುವುದಿಲ್ಲವಲ್ಲ. ಆ ಒಣ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಜನ ಹುಡುಕಿಕೊಂಡು ಬಂದಾಗ ರೈತ ಹೊಸ್ತಿಲ ಹೊರಗೆ ಕೂತಿದ್ದ. ಪಾದ್ರಿಗಳು ಪಕ್ಕದಲ್ಲಿ ಕೂತು, ದೇವರು ಎಲ್ಲವನ್ನೂ ಕ್ಷಮಿಸುತ್ತಾನೆ ಎಂದು ಸಮಾಧಾನ ಹೇಳಿದರು. ರೈತ ಇಲ್ಲವೆನ್ನಲಿಲ್ಲ. ದೇವರು ಕ್ಷಮಿಸುತ್ತಾನೆಂದು ತನಗೆ ಗೊತ್ತು, ತಾನು ಅನ್ಯಾಯ ಮಾಡಿದ್ದು ಚೌರಪ್ಪನಿಗೆ ಎಂದ. ಅವನು ಎಲ್ಲಿದ್ದಾನೆ ಎಂದು ಯಾರಾದರೂ ಹೇಳಿ ಎಂದು ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದ. ಯಾರಿಗೂ ಗೊತ್ತಿರಲಿಲ್ಲ.

ಆ ರೈತ ಬದುಕಿದ್ದಷ್ಟು ದಿನವೂ ಸಂಜೆಯಾದರೆ ಅಲ್ಲಿಗೆ ಬಂದು ಕರೆಯುತ್ತಿದ್ದ. ಊರಿನವರು, ಪಾಪ, ಅರಳುಮರಳು ಎಂದರು. ಅವನು ತೀರಿಕೊಂಡಾಗ ಕಾಲುದಾರಿಯೊಂದು ಆ ಹೊಸ್ತಿಲಿನ ತನಕ ಸವೆದಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಚೌರಪ್ಪ ಸಿಕ್ಕನೇ, ಯಾರಾದರೂ ಅವನನ್ನು ಕಂಡರೇ ಎಂದು ಇನ್ನಾಸಪ್ಪ ಕೇಳಿದ. ಗುರುಗಳು ಇಲ್ಲವೆಂದು ತಲೆಯಾಡಿಸಿದರು. ಹಾಗಾದರೆ ಆ ರೈತ ಕ್ಷಮಿಸಿದ್ದೇ ತಪ್ಪಾಯಿತೇ ಎಂದು ಇನ್ನಾಸಪ್ಪ ಕೇಳಿದ. ಅವನ ದನಿಯಲ್ಲಿ ಮೊದಲಿನ ಅಸಮಾಧಾನ ಇರಲಿಲ್ಲ, ಹೆದರಿಕೆ ಇತ್ತು. ಗುರುಗಳು ಎದ್ದು ಹೆಗಲ ಮೇಲಿನ ವಸ್ತ್ರವನ್ನು ಸರಿಮಾಡಿಕೊಂಡರು.

"ನಿನ್ನ ಅಣ್ಣ ಒಳಗೆ ಕೆಮ್ಮಿದ್ದು ಕೇಳಿಸಿತು ಎಂದೆಯಲ್ಲ ಇನ್ನಾಸಪ್ಪ, ಅಷ್ಟು ಸಂಜೆ ಹೊಸ್ತಿಲಲ್ಲಿ ನಿಂತು ಕರೆದರೂ ರೈತನಿಗೆ ಅಂಥ ಒಂದು ಕೆಮ್ಮೂ ಕೇಳಿಸಲಿಲ್ಲ."